ಅಮ್ಮನ ಎಲೆಗೆ ಹೊಗೆಸೊಪ್ಪು

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ನನಗೂ ನನ್ನ ಸೋದರಮಾವನಿಗೂ ಒಂದು ಜಗಳವಾಯಿತು. ಜಗಳವೆಂದರೆ ಮಾತು ಬಿಡುವಂಥದ್ದಲ್ಲ, ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗುವಂಥದ್ದು. ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಾಳೆಯೆಲೆ ಹಾಕಿ, ಅವರಿಗೆ ಪ್ರೀತಿಯಾದದ್ದನ್ನೆಲ್ಲ ಬಡಿಸುವುದು ನಮ್ಮಲ್ಲಿನ ಕ್ರಮ. ಅಮ್ಮ ಹೋದ ಮೇಲೆ ಅದು ಮೊದಲ ಆಟಿ. ಉಡುಪಿಯ ಹತ್ತಿರದ ಮಟ್ಟುವಿನ ಮನೆಯ ಜಗಲಿಯಲ್ಲಿ ಕುಳಿತು ಮಾವ ಒಂದೊಂದೇ ಹೇಳುತ್ತಿದ್ದರು, ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಪತ್ರೊಡೆ, ಒಣಮೀನಿನ ಚಟ್ನಿ, ಕೋಳಿ ಗಸಿ, ಒಂದು ಎಳನೀರಿನ ಬೊಂಡ. ಕೊನೆಗೆ ಮಾವ, "ಎಲೆಯಡಿಕೆ ಬರಿ. ಒಂದು ತುಂಡು ಹೊಗೆಸೊಪ್ಪೂ ಬರಿ" ಎಂದರು.

ನಾನು ಪೆನ್ನು ಕೆಳಗಿಟ್ಟೆ.

"ಹೊಗೆಸೊಪ್ಪು ಬೇಡ ಮಾವ."

"ಎಂತ ಬೇಡ? ಅಕ್ಕನಿಗೆ ಅದಿಲ್ಲದೆ ಊಟ ಮುಗಿದದ್ದುಂಟಾ?"

"ಅಮ್ಮ ಹೋದದ್ದೇ ಅದರಿಂದ."

"ಹೋದವರಿಗೆ ಇನ್ನು ಎಂತ ಆಗ್ಲಿಕ್ಕುಂಟು ಮಾರಾಯ್ತಿ?"

ಮಾವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ನನ್ನ ತೊಂದರೆ ಬೇರೆಯೇ ಇತ್ತು. ಕೊನೆಯ ದಿನಗಳಲ್ಲಿ ಅಮ್ಮ ನನ್ನ ಮುಂದೆ ಕೈಚಾಚಿ ಕೇಳಿದ್ದು ಅದೊಂದನ್ನೇ, ನಾನು ಕೊಟ್ಟಿರಲಿಲ್ಲ. ಈಗ ಎಲೆಯ ಮೇಲಿಟ್ಟರೆ ಆಗ ಕೊಡದೇ ಇದ್ದದ್ದು ತಪ್ಪೆಂದು ಒಪ್ಪಿಕೊಂಡ ಹಾಗೆ. ಈಗಲೂ ಇಡದಿದ್ದರೆ ಅವಳನ್ನು ಎರಡನೆಯ ಸಲ ಬರಿಗೈಯಲ್ಲಿ ಕಳಿಸಿದ ಹಾಗೆ. ಇದನ್ನು ಮಾವನಿಗೆ ಹೇಳುವುದು ಹೇಗೆಂದು ತಿಳಿಯದೆ ನಾನು ಚರಿತ್ರೆಗೆ ಇಳಿದೆ.

"ಇದೆಂತ ನಮ್ಮ ಹಳೆಯ ಕ್ರಮವಾ? ಈ ಗಿಡ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕಿಂತ ಮೊದಲು ಸತ್ತವರಿಗೆ ಎಂತ ಬಡಿಸ್ತಿದ್ದರು?"

"ಮೆಣಸನ್ನೂ ಅವರೇ ತಂದದ್ದು ಅಂತ ನೀನೇ ಒಮ್ಮೆ ಹೇಳಿದ್ದಿ. ಹಾಗಾದರೆ ಗಸಿಗೂ ಮೆಣಸು ಬೇಡ, ಅಲ್ವಾ?"

ಓದಿದ್ದನ್ನೆಲ್ಲ ಮನೆಯಲ್ಲಿ ಹೇಳುವ ಚಾಳಿ ನನಗೆ ಮೊದಲಿನಿಂದಲೂ ಇದೆ, ಅದರ ಫಲ ಇದು. ಚೀಟಿಯನ್ನು ಮಡಚಿ ಒಳಗೆ ಹೋದೆ. ಹೊಗೆಸೊಪ್ಪಿನ ವಿಷಯ ಅಲ್ಲಿಗೇ ನಿಂತಿತು.

ಆ ಗಿಡದ ಮೇಲೆ ನನಗೆ ಸಿಟ್ಟಿದೆ. ಆದರೆ ಸುಳ್ಳು ಹೇಳಲಾರೆ, ನನ್ನ ಬಾಲ್ಯದ ಒಳ್ಳೆಯ ವಾಸನೆಗಳಲ್ಲಿ ಅದರದ್ದೂ ಒಂದು. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಮನೆಯ ಹಿಂದಿನ ಮರಳು ನೆಲದಲ್ಲಿ ಗುಳ್ಳ ಬೆಳೆಯುತ್ತಿದ್ದರು. ಗುಳ್ಳವೆಂದರೆ ನಮ್ಮೂರಿನ ಗುಂಡು ಬದನೆ. ಆ ಸಾಲುಗಳ ಪಕ್ಕದಲ್ಲೇ ಮನೆಬಳಕೆಗೆಂದು ಇಪ್ಪತ್ತು ಇಪ್ಪತ್ತೈದು ಹೊಗೆಸೊಪ್ಪಿನ ಗಿಡಗಳನ್ನೂ ಮಾಡುತ್ತಿದ್ದರು. ಬೀಜ ಕಾಸರಗೋಡಿನ ಕಡೆಯ ನೆಂಟರೊಬ್ಬರು ಕೊಟ್ಟದ್ದಂತೆ. ಅಷ್ಟು ಸಣ್ಣ ಬೀಜವನ್ನು ನಾನು ಬೇರೆ ನೋಡಿಲ್ಲ, ಸಾಸಿವೆಯೂ ಅದರ ಮುಂದೆ ದೊಡ್ಡದು. ಬೂದಿಯಲ್ಲಿ ಬೆರೆಸಿ ಚೆಲ್ಲದಿದ್ದರೆ ಎಲ್ಲವೂ ಒಂದೇ ಕಡೆ ಬೀಳುತ್ತದೆ. ಅಜ್ಜ ಬೀಜ ಚೆಲ್ಲುವಾಗ ನಾವು ಮಕ್ಕಳು ಹತ್ತಿರ ನಿಂತು ಸೀನಬಾರದೆಂದು ಕಟ್ಟಪ್ಪಣೆ. ಬೇಡವೆಂದರೆ ಸೀನು ಬರುವುದೇ ಹೆಚ್ಚು, ಮೂಗು ಹಿಡಿದುಕೊಂಡು ಓಡಿಹೋಗುತ್ತಿದ್ದೆವು.

ಸಸಿಗಳನ್ನು ಕಿತ್ತು ನೆಟ್ಟ ಮೇಲೆ ಸಂಜೆ ಸಂಜೆ ಮರಳಿನಲ್ಲಿ ತೋಡಿದ ಗುಂಡಿಯಿಂದ ಅಮ್ಮ ಕೊಡಪಾನದಲ್ಲಿ ನೀರು ಹೊಯ್ಯುತ್ತಿದ್ದಳು. ಗಿಡ ಸೊಂಟದವರೆಗೆ ಬಂದಾಗ ಅಜ್ಜ ಕುಡಿ ಚಿವುಟುತ್ತಿದ್ದರು. ಹೂವಾಗಲು ಬಿಟ್ಟರೆ ಎಲೆಗೆ ಸತ್ವ ಇಳಿಯುವುದಿಲ್ಲವಂತೆ. ಕುಡಿ ಹೋದರೆ ಗಿಡ ಸುಮ್ಮನಿರುವುದಿಲ್ಲ, ಪ್ರತಿ ಎಲೆಯ ಕಂಕುಳಿನಲ್ಲೂ ಚಿಗುರು ಬಿಡುತ್ತದೆ, ಅದನ್ನೂ ಚಿವುಟಬೇಕು. ಆ ಕೆಲಸ ಮುಗಿಸಿದ ಕೈ ಅಂಟು ಹತ್ತಿ ಕಪ್ಪಾಗುತ್ತಿತ್ತು. ಬೀಜಕ್ಕೆಂದು ಒಂದೇ ಗಿಡವನ್ನು ಮುಟ್ಟದೆ ಬಿಡುತ್ತಿದ್ದರು. ಅದು ಮಾತ್ರ ತಿಳಿ ಗುಲಾಬಿ ಬಣ್ಣದ ಹೂಗಳನ್ನು ಹೊತ್ತು ನಿಂತಿರುತ್ತಿತ್ತು. ನನಗೆ ಅದನ್ನು ನೋಡುವುದೆಂದರೆ ಬಹಳ ಇಷ್ಟ.

ಒಂದು ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಆ ಹೂ ಕೀಳಲು ಗಿಡಗಳ ನಡುವೆ ನುಗ್ಗಿದ್ದೆ. ಒದ್ದೆ ಎಲೆಗಳು ಕೈಕಾಲಿಗೆಲ್ಲ ಸವರಿದವು. ಸ್ವಲ್ಪ ಹೊತ್ತಿಗೆ ತಲೆ ಸುತ್ತಿ, ಹೊಟ್ಟೆ ತೊಳಸಿ, ಅಂಗಳದಲ್ಲೇ ವಾಂತಿ ಮಾಡಿಕೊಂಡು ಕುಳಿತೆ. ಅಮ್ಮ ಎತ್ತಿಕೊಂಡು ಹೋಗಿ ಮೈ ತೊಳೆಸಿದಳು, ಉಪ್ಪು ಹಾಕಿದ ಲಿಂಬೆ ನೀರು ಕುಡಿಸಿದಳು. "ಎಳೆ ಮೈಗೆ ಅದು ಆಗುವುದಿಲ್ಲ" ಎಂದು ಅಜ್ಜ ಹೇಳಿದ್ದರು. ಯಾವ ಮೈಗೆ ಆಗುತ್ತದೆಂದು ಆಗ ಯಾರೂ ಕೇಳಲಿಲ್ಲ.

ಕೊಯ್ದ ಎಲೆಗಳನ್ನು ಹಗ್ಗಕ್ಕೆ ಪೋಣಿಸಿ ಮಾಡಿನ ಅಡಿಯಲ್ಲಿ ಕಟ್ಟುತ್ತಿದ್ದರು. ಹಸುರು ಹಳದಿಯಾಗಿ, ಹಳದಿ ಕಂದಾದ ಮೇಲೆ, ಕೊನೆಗೆ ಬೆಲ್ಲದ ನೀರು ಚಿಮುಕಿಸಿ, ಸುತ್ತಿ, ಅರೆಯುವ ಕಲ್ಲಿನ ಅಡಿಗೆ ಇಡುತ್ತಿದ್ದರು. ಆ ದಿನಗಳಲ್ಲಿ ಇಡೀ ಮನೆ ಬೆಲ್ಲ ಮತ್ತು ಒಣಹುಲ್ಲು ಸೇರಿದ ವಾಸನೆಯಲ್ಲಿ ಮುಳುಗಿರುತ್ತಿತ್ತು. ಶಾಲೆಯಿಂದ ಬಂದು ಚೀಲ ಬಿಸಾಡಿ ಆ ವಾಸನೆಯಲ್ಲಿ ಮಲಗಿ ಬಿಡುತ್ತಿದ್ದೆ. ಈಗಲೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಯಾವುದೋ ಅಜ್ಜಿಯ ಸೆರಗಿನಿಂದ ಅದು ಬಂದರೆ ನನಗೆ ಹಸಿವಾಗುತ್ತದೆ.

ಅಜ್ಜನ ಕಾಲದ ನಂತರ ಆ ಗಿಡಗಳನ್ನು ಯಾರೂ ನೆಡಲಿಲ್ಲ. ಮದುವೆಯಾಗದೆ ಅಕ್ಕನ ಜೊತೆಗೇ ಉಳಿದ ಮಾವ ಕಾರ್ಕಳದ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು, ವಾರಕ್ಕೊಮ್ಮೆ ಬರುವಾಗ ಅಲ್ಲಿನ ಪೇಟೆಯ ಒಂದು ಅಂಗಡಿಯಿಂದ ಹೊಗೆಸೊಪ್ಪು ತರುತ್ತಿದ್ದರು. ಉಡುಪಿಯಲ್ಲಿ ಸಿಗದ ವಸ್ತುವೇನೂ ಅಲ್ಲ. ಆದರೆ ಅಕ್ಕ ತಮ್ಮ ಇಬ್ಬರಿಗೂ ಕಾರ್ಕಳದ್ದೇ ಆಗಬೇಕಿತ್ತು, ಬೇರೆಯದರಲ್ಲಿ ಖಾರವೇ ಇಲ್ಲವೆಂದು ದೂರು. ಅದರ ದಂಟು, ಪುಡಿ, ಹರುಕುಗಳನ್ನು ಅಮ್ಮ ಎಸೆಯುತ್ತಿರಲಿಲ್ಲ. ಹಳೆಯ ಮಡಕೆಯಲ್ಲಿ ಕುದಿಸಿ, ಬಟ್ಟೆ ಸಾಬೂನು ಕದಡಿ, ಗುಳ್ಳದ ಗಿಡಗಳಿಗೆ ಹೇನು ಬಿದ್ದಾಗ ಸಿಂಪಡಿಸುತ್ತಿದ್ದಳು. ಮರುದಿನ ನೋಡಿದರೆ ಎಲೆಯಡಿಯ ಹೇನೆಲ್ಲ ಸತ್ತು ಉದುರಿರುತ್ತಿದ್ದವು.

"ಇನ್ನು ಒಂದು ವಾರ ಗುಳ್ಳ ಕೊಯ್ಯಬೇಡಿ. ವಿಷ ಉಂಟು" ಎಂದು ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ಯಾರಾದರೂ ಮರೆತು ಕೊಯ್ದರೆ ಅವರ ಜನ್ಮ ಜಾಲಾಡುತ್ತಿದ್ದಳು. ಆಮೇಲೆ ಕೈ ತೊಳೆದು ಬಂದು, ಜಗಲಿಯಲ್ಲಿ ಕಾಲು ಚಾಚಿ, ಅದೇ ಸೊಪ್ಪಿನ ಒಂದು ಚೂರನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದಳು. ಉಡುಪಿಯ ಮಾರುಕಟ್ಟೆಯಲ್ಲಿ ಗುಳ್ಳ ಕೊಳ್ಳುವ ಗುರುತಿಲ್ಲದ ಜನರ ಮೇಲೆ ಅವಳಿಗಿದ್ದ ಕಾಳಜಿಯ ಕಾಲುಭಾಗ ಸ್ವಂತ ಬಾಯಿಯ ಮೇಲೆ ಇರಲಿಲ್ಲ. ನಾನಾದರೂ ನೋಡಿದೆನೇ? ವರ್ಷವರ್ಷವೂ ಎದುರಿಗೇ ಕುಳಿತಿದ್ದೆ, ನೋಡಲಿಲ್ಲ.

ಅವಳಿಗೆ ಅದು ಅಂಟಿದ್ದು ಬಾಣಂತನದಲ್ಲಿ. ಹಲ್ಲುನೋವೆಂದಾಗ ಅಜ್ಜಿ ಒಂದು ಚೂರು ಕೊಟ್ಟು ನೋವಿರುವಲ್ಲಿ ಇಟ್ಟುಕೋ ಎಂದಿದ್ದರಂತೆ. ಹಲ್ಲುನೋವು ಹೋಯಿತು, ಬಾಣಂತನ ಮುಗಿಯಿತು, ಚೂರು ಮಾತ್ರ ಉಳಿಯಿತು. ಆಗ ತೊಟ್ಟಿಲಿನಲ್ಲಿದ್ದದ್ದು ನಾನು.

ಬಾಯಲ್ಲಿ ಎಲೆಯಡಿಕೆಯ ರಸ ತುಂಬಿರುವಾಗ ಅಮ್ಮ ಗಲ್ಲವನ್ನು ಮೇಲೆತ್ತಿ ಮಾತಾಡುತ್ತಿದ್ದಳು, ಇಲ್ಲವಾದರೆ ರಸ ಚೆಲ್ಲುತ್ತದಲ್ಲ. ಮಾತೆಂದರೆ ಬರೀ ಉಂಕಾರ. ಒಂದು "ಉಂ"ಗೆ ಬಾ ಎಂದರ್ಥ, ಇನ್ನೊಂದಕ್ಕೆ ಸಾಕು ಎಂದರ್ಥ, ಉದ್ದ ಎಳೆದರೆ ನನಗೆ ಎಲ್ಲ ಗೊತ್ತು ಎಂದರ್ಥ. ಪರೀಕ್ಷೆಯ ಅಂಕ ಹೇಳಲು ಆ ಸಮಯ ನೋಡಿ ಹೋಗುತ್ತಿದ್ದೆ, ಬೈಯಬೇಕಾದರೆ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬರಬೇಕಲ್ಲ, ಅಷ್ಟರಲ್ಲಿ ಓಡಬಹುದು. ಆ ಉಂಕಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗುವಿನ ಹಿಂದೆಯೇ ಅಳುವೂ ಬರುತ್ತದೆ.

ಮದುವೆಯ ನಂತರ ನಾನು ಪರ್ಕಳದಲ್ಲಿ ಮನೆ ಮಾಡಿದೆ. ಮಣಿಪಾಲದ ಒಂದು ಕಚೇರಿಯಲ್ಲಿ ಕೆಲಸ. ಭಾನುವಾರ ಬಂತೆಂದರೆ ಉಡುಪಿಗೆ ಹೋಗಿ ಬಸ್ಸು ಬದಲಿಸಿ ಮಟ್ಟುವಿಗೆ. ಊಟವಾದ ಮೇಲೆ ಅಮ್ಮ ಎಲೆಯಡಿಕೆಯ ಹರಿವಾಣವನ್ನು ನನ್ನ ಕಡೆ ದೂಡುತ್ತಿದ್ದಳು. ಎಲೆಯ ತೊಟ್ಟು ಮುರಿದು, ಒರೆಸಿ, ಬೆನ್ನಿಗೆ ಸುಣ್ಣ ಹಚ್ಚಿ ಮಡಚುವುದು ನನ್ನ ಕೆಲಸ. ಚಿಪ್ಪು ಸುಟ್ಟು ಮಾಡಿದ ಬೆಳ್ಳಗಿನ ಸುಣ್ಣ. "ನಿನ್ನ ಕೈಯ ಸುಣ್ಣ ಹದವಾಗಿರ್ತದೆ" ಎಂದು ಅವಳು ಹೇಳಿದರೆ ನನಗೆ ವಾರವಿಡೀ ಖುಷಿ.

ಹಾಗಿರುವಾಗ ಒಂದು ಭಾನುವಾರ ಅಮ್ಮ ಸಾರಿಗೆ ಕೈಯೇ ಹಾಕಲಿಲ್ಲ. ಬಾಯಿ ಉರಿ ಎಂದಳು. ದವಡೆಯ ಒಳಗೆ ಬೆರಳುಗುರಿನಷ್ಟು ಬಿಳಿ ಕಲೆ. "ಸುಣ್ಣ ಹೆಚ್ಚಾದದ್ದು, ಬಾಯಿ ಸುಟ್ಟಿದೆ" ಎಂದಳು. ನಾನು ಕೂಡಲೇ ನಂಬಿದೆ. ನಮ್ಮಲ್ಲಿ ಎಲೆಯಡಿಕೆ ತಿನ್ನುವವರ ಬಾಯಿಗೆ ಏನೇ ಆದರೂ ದೂಷಣೆ ಬೀಳುವುದು ಸುಣ್ಣದ ಮೇಲೆಯೇ. ಅದರಲ್ಲೂ ಹಚ್ಚಿದ್ದು ನನ್ನ ಕೈ. ಹಿಂದಿನ ವಾರ ಫೋನಿನಲ್ಲಿ ಮಾತಾಡುತ್ತಾ ಹಚ್ಚಿದ್ದೆನೋ ಏನೋ ಎಂದು ಕೊರಗಿದೆ. ಅಂದಿನಿಂದ ಸುಣ್ಣ ಕಡಿಮೆ ಮಾಡಿದೆ. ಉರಿಗೆ ಕೊಬ್ಬರಿ ಅಗಿಯಲು ಕೊಟ್ಟೆ, ತುಪ್ಪ ಸವರಿದೆ. ಕಡೆಗೆ ಎಲೆಗೆ ಸುಣ್ಣ ತೋರಿಸಿ ತೆಗೆದಷ್ಟಾಯಿತು. ಹೊಗೆಸೊಪ್ಪಿನ ಚೂರು ಮಾತ್ರ ಅಷ್ಟೇ ಇತ್ತು. ಸುಣ್ಣದ ಖಾರ ಕಡಿಮೆಯಾದ್ದರಿಂದ ಅಮ್ಮ ಅದನ್ನು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುತ್ತಿದ್ದಳು.

ಹೀಗೆ ಎಂಟು ತಿಂಗಳು ಕಳೆಯಿತು. ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೆಟ್ಟ ಬಾಯಿಗಳ ಚಿತ್ರವಿರುವ ಎಚ್ಚರಿಕೆಯ ಫಲಕ ನನ್ನ ಕಣ್ಣಿಗೆ ಬೀಳುತ್ತಿತ್ತು. ಅಸಹ್ಯವೆಂದು ಮುಖ ತಿರುಗಿಸುತ್ತಿದ್ದೆ. ಬಿಳಿ ಕಲೆಯ ಪಕ್ಕ ಕೆಂಪಾಗಿ ಗಟ್ಟಿಯಾದ ಮೇಲೆ, ಅನ್ನದ ತುತ್ತು ಸಣ್ಣದಾದ ಮೇಲೆ, ಆಸ್ಪತ್ರೆಗೆ ಕರೆದುಕೊಂಡು ಹೋದೆ.

ವೈದ್ಯೆ ಚಿಕ್ಕ ಪ್ರಾಯದವರು, ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು. ಯಾವಾಗಿನಿಂದ ಎಂದು ಕೇಳಿದರು. ನಾನು ಎಂಟು ತಿಂಗಳೆಂದೆ, ಸುಣ್ಣ ಹೆಚ್ಚಾದದ್ದೆಂದೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಕೂರಿಸಿ ವಿವರಿಸಿದರು. ಇದು ಕ್ಯಾನ್ಸರ್. ಮುಖ್ಯ ಕಾರಣ ಹೊಗೆಸೊಪ್ಪು, ಅಡಿಕೆಯದ್ದೂ ಪಾಲಿದೆ. ಸುಣ್ಣ ಅದಕ್ಕೆ ಸಹಾಯ ಮಾಡುತ್ತದೆಯೇ ಹೊರತು ಸುಣ್ಣ ಒಂದನ್ನೇ ಬಿಟ್ಟು ಪ್ರಯೋಜನವಿಲ್ಲ. ಬಿಳಿ ಕಲೆ ಇರುವಾಗಲೇ ಬಂದಿದ್ದರೆ ಚಿಕಿತ್ಸೆ ಸುಲಭವಿತ್ತು ಎಂದರು. ಅಮ್ಮ ಹೊರಗೆ ಬಂದು ಬೆಂಚಿನಲ್ಲಿ ಕುಳಿತ ಮೇಲೆ ನನ್ನ ಕೈ ಹಿಡಿದುಕೊಂಡು, "ಹಾಗಾದರೆ ನಿನ್ನ ಸುಣ್ಣದ್ದಲ್ಲ ಅಂತಾಯ್ತು" ಎಂದಳು. ಅವಳ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ನಾನು ಅಲ್ಲೇ, ಅಷ್ಟು ಜನರ ಮುಂದೆ ಅತ್ತೆ.

ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಒಂದು ಭಾಗ ಹೋಯಿತು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ರಜೆ ಹಾಕಿ ಮಟ್ಟುವಿನಲ್ಲೇ ನಿಂತು ಗಂಜಿಯನ್ನು ಸೋಸಿ ಕೊಡುತ್ತಿದ್ದೆ. ನಾನು ಮನೆಯಲ್ಲಿ ಪೊಲೀಸಾದೆ. ಹರಿವಾಣವನ್ನು ಅಟ್ಟಕ್ಕೆ ಹಾಕಿದೆ. ಬಟ್ಟೆಯ ಪೆಟ್ಟಿಗೆ, ದಿಂಬಿನ ಅಡಿ, ಗುಳ್ಳದ ಬುಟ್ಟಿ, ಎಲ್ಲವನ್ನೂ ತಡಕಿದೆ. ಮಾವ ತಮ್ಮ ಹೊಗೆಸೊಪ್ಪನ್ನು ಕೊಟ್ಟಿಗೆಯಲ್ಲಿ ನಿಂತು ತಿನ್ನಬೇಕಾಯಿತು.

ಮಾಗಿಯ ಒಂದು ಮಧ್ಯಾಹ್ನ ಅಮ್ಮ ಜಗಲಿಯಲ್ಲಿ ಬಿಸಿಲಿಗೆ ಕುಳಿತಿದ್ದಳು. ಕ್ಯಾನ್ಸರ್ ಮತ್ತೆ ಬಂದಿದೆಯೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತೆಂದು ಕಾಣುತ್ತದೆ. ನನ್ನನ್ನು ಕರೆದು ಅಂಗೈ ಚಾಚಿದಳು. "ಒಂದು ಚೂರು ಕೊಡು. ಬಾಯಿಗೆ ಹಾಕುವುದಿಲ್ಲ. ಮೂಸಿ ಕೊಡ್ತೇನೆ" ಎಂದಳು. ಆ ಮಾತುಗಳು ಅವಳ ಬಾಯಿಂದ ಹೊರಡಲು ಎಷ್ಟೋ ಹೊತ್ತು ಬೇಕಾಯಿತು. ನಾನು, "ಆಗುವುದಿಲ್ಲ ಅಮ್ಮ" ಎಂದೆ. ಅವಳು ಕೈಯನ್ನು ಹಿಂದೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಮತ್ತೆ ಕೇಳಲಿಲ್ಲ. ಬಿಸಿಲು ಏರುವ ಸುಗ್ಗಿ ತಿಂಗಳಲ್ಲಿ ಹೋದಳು.

ಮೂಸಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಎಂಟು ತಿಂಗಳು ತೋರಿಸಬೇಕಾದ ಕಟ್ಟುನಿಟ್ಟನ್ನು ನಾನು ಆ ಒಂದು ಮಧ್ಯಾಹ್ನ ತೋರಿಸಿದೆ.

ಆಟಿಯಲ್ಲಿ ಬಡಿಸುವ ದಿನ ಬೆಳಗ್ಗಿನಿಂದ ಮಳೆ ಹಿಡಿದಿತ್ತು. ನನ್ನ ಗಂಡ ತೆಂಗಿನಕಾಯಿ ತುರಿದುಕೊಟ್ಟ, ಗಸಿ ನಾನೇ ಮಾಡಿದೆ. ಉಪ್ಪು ನೋಡಿ ಎಂದು ಮಾವನ ಅಂಗೈಗೆ ಸೌಟಿನಿಂದ ಸ್ವಲ್ಪ ರಸ ಹಾಕಿದೆ. ನೆಕ್ಕಿದವರು ಕಣ್ಣುಮುಚ್ಚಿ ಮುಖ ಕಿವುಚಿದರು. ಖಾರವೇನೂ ಹೆಚ್ಚಿರಲಿಲ್ಲ. ಆಗ ನೆನಪಾಯಿತು, ಎರಡು ದಿನಗಳಿಂದ ಅವರು ಮೊಸರು ಗಂಜಿಯನ್ನೇ ಉಣ್ಣುತ್ತಿದ್ದರು, ಉಪ್ಪಿನಕಾಯಿಯ ಭರಣಿಯನ್ನು ದೂರ ಸರಿಸುತ್ತಿದ್ದರು.

"ಬಾಯಿ ತೆರೀರಿ ಮಾವ."

"ಎಂತ ಇಲ್ಲ. ಸುಣ್ಣ ತಾಗಿದ್ದು."

ಒಂದು ವರ್ಷ ಅಕ್ಕನ ಬಾಯನ್ನು ಎದುರಿಗೇ ನೋಡಿದ ಮನುಷ್ಯ, ಕಣ್ಣು ಮಿಟುಕಿಸದೆ ಅದೇ ಮಾತು ಹೇಳುತ್ತಿದ್ದರು. ಗದರಿದೆ, ಕಿರುಚಿದೆ. ಅವರು ತುಟಿ ಬಿಗಿದುಕೊಂಡು ಕೊಟ್ಟಿಗೆಯ ಕಡೆ ಹೋದರು. ಆಗ ನನಗೆ ಇನ್ನೊಂದು ಹೊಳೆಯಿತು. ಎಲೆಯಲ್ಲಿ ಬಡಿಸಿದ್ದನ್ನು ಎಸೆಯುವ ಕ್ರಮ ನಮ್ಮ ಮನೆಯಲ್ಲಿಲ್ಲ. ಮನೆಯವರೇ ಹಂಚಿಕೊಂಡು ತಿನ್ನಬೇಕು. ಅಮ್ಮನಿಗೆಂದು ಇಟ್ಟ ಹೊಗೆಸೊಪ್ಪು ಕೊನೆಗೆ ಹೋಗುವುದು ಈ ಬಾಯಿಗೆ.

ಇಡುವುದಿಲ್ಲವೆಂದು ಗಟ್ಟಿಮಾಡಿಕೊಂಡೆ. ಆದರೆ ಸಂಜೆ ದೀಪ ಹಚ್ಚಿ, ಎಲೆ ಹಾಸಿ, ಒಂದೊಂದನ್ನೇ ಬಡಿಸುತ್ತಾ ಬಂದಾಗ ಅಮ್ಮನ ಚಾಚಿದ ಅಂಗೈ ಕಣ್ಣ ಮುಂದೆ ಬಂದು ನಿಂತಿತು. ತಡೆಯಲಾಗಲಿಲ್ಲ. ಮಾವನ ಮುಂದೆ ಕೈ ಚಾಚಿದೆ. ಅವರು ಸೊಂಟದ ಸಂಚಿಯಿಂದ ಒಂದು ತುಂಡು ತೆಗೆದು ಕೊಟ್ಟರು. ವೀಳ್ಯದೆಲೆಯ ಮೇಲೆ ಅದನ್ನಿಟ್ಟೆ. "ಮೂಸು ಅಮ್ಮ. ಬಾಯಿಗೂ ಹಾಕಿಕೋ. ಅವತ್ತು ನಾನು ಕೊಡಬೇಕಿತ್ತು" ಎಂದೆ. ಗಟ್ಟಿಯಾಗಿಯೇ ಹೇಳಿದೆ, ಮಾವನಿಗೂ ಗಂಡನಿಗೂ ಕೇಳಿಸಿತು.

ಮಾವ ನೀರು ಬಿಟ್ಟು ಅಕ್ಕನನ್ನು ಕರೆದರು. ಬಂದವರು ನೆಮ್ಮದಿಯಿಂದ ಉಣ್ಣಲೆಂದು ಬಾಗಿಲು ಎಳೆದುಕೊಂಡು ನಾವು ಹೊರಗೆ ಜಗಲಿಯಲ್ಲಿ ಕುಳಿತೆವು. ಮಾತಾಡಬಾರದು. ಮಾಡಿನಿಂದ ನೀರು ಸುರಿಯುತ್ತಿತ್ತು. ಮಾವ ನಾಲಿಗೆಯ ತುದಿಯಿಂದ ದವಡೆಯ ಒಳಗನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು ಹೊರಗಿನಿಂದಲೇ ಕಾಣಿಸುತ್ತಿತ್ತು. ಅಮ್ಮನೂ ಹಾಗೆಯೇ ಮಾಡುತ್ತಿದ್ದಳು. ಈ ಮನೆಯಲ್ಲಿ ಇನ್ನೊಂದು ಬಾಯಿ ನನ್ನ ಕಣ್ಣೆದುರಿಗೆ ಹೋಗುವುದನ್ನು ನೋಡಲಾರೆ ಎನಿಸಿತು, ಹೇಳುವಂತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ಪತ್ರೊಡೆಯನ್ನು ಮೂರು ಪಾಲು ಮಾಡಿದೆವು, ಗಸಿ ಹಂಚಿಕೊಂಡೆವು, ಬೊಂಡದ ನೀರನ್ನು ಸರದಿಯಲ್ಲಿ ಕುಡಿದೆವು. ಉಳಿದದ್ದು ವೀಳ್ಯದೆಲೆ, ಅಡಿಕೆ ಮತ್ತು ಆ ತುಂಡು. ಮಾವನ ಕೈ ಅದರ ಕಡೆಗೆ ಹೋಯಿತು. ನಾನು ಕಿರುಚಲಿಲ್ಲ, ಕಿರುಚುವುದರಲ್ಲಿ ಏನೂ ಉಳಿದಿರಲಿಲ್ಲ. ಅವರು ಅದನ್ನು ಎತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣುಮುಚ್ಚಿ ಒಮ್ಮೆ ಉದ್ದಕ್ಕೆ ಎಳೆದುಕೊಂಡರು. ಆಮೇಲೆ ಮತ್ತೆ ಎಲೆಯ ಮೇಲೆ, ಅಮ್ಮನ ಜಾಗದಲ್ಲಿಯೇ ಇಟ್ಟರು.

"ಇದು ಅಕ್ಕನದ್ದು. ಇರಲಿ" ಎಂದರು. ಕೈ ಒರೆಸಿಕೊಂಡು, "ನಾಳೆ ಮೊದಲ ಬಸ್ಸಿಗೇ ಆಸ್ಪತ್ರೆಗೆ ಹೋಗುವ" ಎಂದರು.

ಅಮ್ಮನನ್ನು ನಾನು ಹತ್ತಿಸಿದ್ದೂ ಅದೇ ಬಸ್ಸಿಗೆ, ಎಂಟು ತಿಂಗಳು ತಡವಾಗಿ.